ಬಳೆಗಾರ್ತಿಯ ಚೂರಿನ ಬುಟ್ಟಿ

“ಅಜ್ಜಾರ, ನಾಡಿದ್ದು ಬಟ್ಟಿ ಅಂಗಡಿ ತೆರೀತೀನ್ರಿ. ಎಲ್ಲೂ ಲುಕ್ಸಾನು ಆಗಧಂಗ ನೋಡಿಕೊಂಡೀನಿ. ಮಾರಿದ ಬಟ್ಟಿ ವಾಪಸ್ ತಗೊಳ್ಳೂದಿಲ್ಲ ಅಂತ ಬಾಗಲಿಗೆ ಹಲಗೀನೂ ಬರಸೀನಿ. ಇನ್ನೇನರ ಬಾಕಿ ಉಳದೈತೇನ್ರಿ?” ಎಂದು ಶಿಷ್ಯ ಚನ್ನವೀರ ಮಠದ ಗುರುಗಳನ್ನು ಕೇಳಿದ. ಗುರುಗಳು ನಕ್ಕು, ಕುಳಿತುಕೊಳ್ಳಲು ಸನ್ನೆ ಮಾಡಿ, ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಬಳೆ ತೊಡಿಸುವುದರಲ್ಲಿ ಎತ್ತಿದ ಕೈ. ಹೆಂಗಸರ ಕೈ ಹಿಡಿದು ಬೆರಳ ಬುಡವನ್ನು ಮೆಲ್ಲಗೆ ಒತ್ತಿದಳೆಂದರೆ ಅಳತೆ ಸಿಕ್ಕಿಬಿಡುತ್ತಿತ್ತು. ಮಾತಾಡಿಸುತ್ತ, ನಗಿಸುತ್ತ ಬಿಗಿಯಾದ ಬಳೆಯನ್ನು ಏರಿಸಿ ಕೂರಿಸುವಳು. ತೊಡಿಸುವಾಗ ಒಡೆದ ಬಳೆಯ ನಷ್ಟ ಬಳೆಗಾರ್ತಿಯದು, ಕೈಯಲ್ಲಿ ಕೂತ ಮೇಲೆ ಒಡೆದರೆ ಹೆಂಗಸಿನದು. ಆ ಕಸುಬಿನ ರೀತಿಯೇ ಹಾಗೆ. ಒಡೆದ ಚೂರುಗಳಿಗೆಂದೇ ಆಕೆಯ ಮಗ್ಗುಲಲ್ಲಿ ಒಂದು ಬುಟ್ಟಿ ಇರುತ್ತಿತ್ತು.

ಕಣ್ಣು ಮಂಜಾದ ಮೇಲೆ ಆಕೆ ಅಂಗಡಿಯನ್ನು ಸೊಸೆಗೆ ಒಪ್ಪಿಸಿದಳು. ಸೊಸೆ ಚುರುಕಿನವಳು. ಆದರೆ ಮೊದಲ ದಿನವೇ ಒಬ್ಬಾಕೆಯ ಕೈಯಲ್ಲಿ ಮೂರು ಬಳೆ ಒಡೆದವು. ಮೂರರ ದುಡ್ಡೂ ಹೋಯಿತೆಂದು ಲೆಕ್ಕ ಹಾಕಿದಳು. ಅಂದಿನಿಂದ ಯಾರೇ ಕೈ ನೀಡಲಿ, ಒಂದು ಅಳತೆ ದೊಡ್ಡದಾದ ಬಳೆಯನ್ನೇ ತೆಗೆಯತೊಡಗಿದಳು. ಬಳೆ ಸರಾಗವಾಗಿ ಏರುತ್ತಿತ್ತು. ಯಾರಿಗೂ ನೋವಿಲ್ಲ, ತಡವಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಅತ್ತೆ ಅಷ್ಟೇಕೆ ಹೆಣಗುತ್ತಿದ್ದಳೋ ಎಂದು ಒಳಗೊಳಗೇ ಬೀಗಿದಳು.

ಬರಬರುತ್ತ ಗಿರಾಕಿಗಳು ಕಡಿಮೆಯಾದರು. ಶ್ರಾವಣ ಬಂದರೂ ಸೊಸೆ ನೊಣ ಹೊಡೆಯುತ್ತ ಕುಳಿತಳು. ಮೂರು ತಲೆಮಾರಿನಿಂದ ಅಲ್ಲಿಯೇ ಮದುವೆಯ ಹಸಿರು ಬಳೆ ತೊಡುತ್ತಿದ್ದ ಒಂದು ಮನೆಯವರು ಮದುಮಗಳನ್ನು ಕರೆದುಕೊಂಡು ಅಂಗಡಿಯ ಮುಂದೆಯೇ ಹಾದು, ಸಂತೆಯ ಬಳೆಗಾರನ ಬಳಿಗೆ ಹೋದರು. ಅತ್ತೆ ಸೊಸೆಯರ ಮನೆಯ ಒಲೆ ಉರಿಯುತ್ತಿದ್ದುದು ತಮ್ಮ ಅಂಗಡಿಯೊಂದರಿಂದಲೇ. ಸೊಸೆಗೆ ಅಳು ತಡೆಯಲಾಗಲಿಲ್ಲ.

“ಅತ್ತಿ, ನಾ ಏನ್ ತಪ್ಪು ಮಾಡೀನ್ರಿ? ಬುಟ್ಟಿ ನೋಡ್ರಿ, ಒಂದು ಚೂರೂ ಇಲ್ಲ” ಎಂದಳು.

ಅತ್ತೆ ಬುಟ್ಟಿಯೊಳಗೆ ಕೈಯಾಡಿಸಿದಳು. “ಇಲ್ಲಿ ಬೀಳೂ ಚೂರು ಅವರವರ ಮನಿಯಾಗ ಬಿದ್ದಾವ, ಮಗಳ.”

ಸೊಸೆಗೆ ಆಗ ಹೊಳೆಯಿತು. ಸಡಿಲ ಬಳೆ ಕೆಲಸ ಮಾಡುವಾಗ ಹಿಂದೆ ಮುಂದೆ ಜಾರುತ್ತದೆ. ರುಬ್ಬುವಾಗ ಕಲ್ಲಿಗೆ, ನೀರು ತರುವಾಗ ಕೊಡಕ್ಕೆ ಬಡಿದು ಒಡೆಯುತ್ತದೆ. ತಾನು ತಪ್ಪಿಸಿಕೊಂಡ ನಷ್ಟವನ್ನು ಅಷ್ಟೂ ಹೆಂಗಸರ ತಲೆಗೆ ಕಟ್ಟಿದ್ದಳು.

ಮುದುಕಿ ಸೊಸೆಯ ಕೈಯನ್ನೇ ತನ್ನ ತೊಡೆಯ ಮೇಲೆ ಎಳೆದುಕೊಂಡು ಬಿಗಿ ಬಳೆ ತೊಡಿಸತೊಡಗಿದಳು. ಕಣ್ಣು ಕಾಣದ್ದಕ್ಕೆ ಎರಡು ಒಡೆದವು. ಅವನ್ನು ಬುಟ್ಟಿಗೆ ಹಾಕಿ, ಹುಬ್ಬು ಕೂಡ ಗಂಟಿಕ್ಕದೆ ಮೂರನೆಯದನ್ನು ತೆಗೆದಳು. ಅದು ಕೂತಿತು. ಅಂಥ ಕೈಗೆ ನಾನಾದರೂ ನಮಸ್ಕಾರ ಮಾಡುತ್ತಿದ್ದೆ ಎಂದರು ಗುರುಗಳು.

ಮರುದಿನ ಸೊಸೆ ಅಂಗಡಿ ತೆರೆಯಲಿಲ್ಲ. ಬಳೆಯ ಮಲಾರದ ಹೊರೆಯನ್ನು ಹೆಗಲಿಗೇರಿಸಿ, ಖಾಲಿ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು, ತಾನು ಬಳೆ ತೊಡಿಸಿದ್ದ ಮನೆಮನೆಗೂ ಹೋದಳು. ತಪ್ಪಾಯಿತೆಂದು ಹೇಳಿ, ಏನೂ ಪಡೆಯದೆ, ಎಲ್ಲರಿಗೂ ಅಳತೆಯ ಬಳೆ ತೊಡಿಸಿದಳು. ಕೆಲವರು ಬಾಯಿಗೆ ಬಂದಂತೆ ಅಂದರು; ಅನ್ನಿಸಿಕೊಂಡಳು. ಸಂಜೆ ಮರಳುವಾಗ ಬೆರಳ ತುಂಬ ಗಾಯ, ಬುಟ್ಟಿಯ ತುಂಬ ಚೂರು.

ಮುಂದಿನ ವರ್ಷ, ಅಂದು ಅಂಗಡಿಯ ಮುಂದೆ ಹಾದುಹೋಗಿದ್ದ ಆ ಮನೆಯವರೇ ಎರಡನೆಯ ಮಗಳನ್ನು ಕರೆತಂದು ಅವಳ ಮುಂದೆ ಕೂರಿಸಿದರು.

ಕತೆ ಮುಗಿಯಿತು. ಗುರುಗಳು ಚನ್ನವೀರನ ಮುಖ ನೋಡಿದರು.

“ಹಲಗಿ ಬರಸೀದಿ, ಸರಿ, ಬುಟ್ಟಿ ಎಲ್ಲಿಟ್ಟೀದಿ?”