ಮುದ್ರೆಯಿಲ್ಲದ ಕೋವಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಂಬಿಕಸ್ಥರನ್ನೂ ಎಲ್ಲರಂತೆ ನಿಯಮಕ್ಕೆ ಕಟ್ಟಿಹಾಕಬೇಕೇ? ಅವರನ್ನಾದರೂ ಬಿಟ್ಟುಬಿಡಬಾರದೇ?”

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಕಮ್ಮಾರರು ಕೋವಿ ಮಾಡುತ್ತಿದ್ದರು. ಒಂದೇ ಕುಲುಮೆಯಲ್ಲಿ ಕೆಲಸ ಕಲಿತವರು. ಹಿರಿಯನು ಅರಮನೆಯ ಗುತ್ತಿಗೆ ಹಿಡಿದಿದ್ದ. ಕಿರಿಯನು ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲು ರೈತರಿಗೆ ಮಾಡಿಕೊಡುತ್ತಿದ್ದ. ಯಾರೇ ಮಾಡಲಿ, ಕೋವಿಯನ್ನು ಚಾವಡಿಗೆ ಒಯ್ದು, ನಳಿಗೆಯ ಮೇಲೆ ಮುದ್ರೆ ಹೊಡೆಸಿ, ದಾಖಲೆ ಮಾಡಿಸಿಯೇ ಕೊಡಬೇಕೆಂದು ಕಟ್ಟಳೆಯಿತ್ತು. ಚಾವಡಿಯಲ್ಲಿ ಕಾದು ಕಾದು ಇಬ್ಬರಿಗೂ ಸಾಕುಸಾಕಾಗುತ್ತಿತ್ತು.

ಒಮ್ಮೆ ಕಟ್ಟಳೆ ಬದಲಾಯಿತು. ಅರಮನೆಗೆ ಮಾಡುವ ಕೋವಿಗೆ ಮುದ್ರೆಯೂ ಬೇಡ, ದಾಖಲೆಯೂ ಬೇಡ. ಅರಮನೆಯ ಕೋವಿ ಅರಮನೆ ಬಿಟ್ಟು ಎಲ್ಲಿಗೆ ಹೋದೀತು ಎಂದು ಡಂಗುರ ಸಾರಿದರು. ಹಿರಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಾವಡಿಯ ಮುಂದೆ ಬಿಸಿಲಲ್ಲಿ ಕುಳಿತ ಕಿರಿಯನನ್ನು ಕಂಡರೆ ಮೀಸೆ ತಿರುವಿಕೊಂಡೇ ಹೋಗುತ್ತಿದ್ದ. ನನ್ನನ್ನು ನಂಬಿದ್ದಾರೆ ಎಂದು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

ಹೀಗಿರಲು, ಸಂತೆಯಿಂದ ಮರಳುತ್ತಿದ್ದ ಎಣ್ಣೆ ವ್ಯಾಪಾರಿಯೊಬ್ಬ ಗುಂಡೇಟಿಗೆ ಸತ್ತ. ಪಕ್ಕದ ಪೊದೆಯಲ್ಲಿ ಕೋವಿ ಸಿಕ್ಕಿತು. ಅದರ ಮೇಲೆ ಮುದ್ರೆಯಿರಲಿಲ್ಲ. ಮುದ್ರೆಯಿಲ್ಲದ ಕೋವಿ ಅರಮನೆಯ ಹೊರಗೆ ಸಿಕ್ಕಿತೆಂದರೆ ಅದು ಕದ್ದು ಮಾಡಿದ್ದೇ ಎಂದು ಚಾವಡಿಯ ಅಧಿಕಾರಿ ತೀರ್ಮಾನಿಸಿದ. ಕಿರಿಯ ಕಮ್ಮಾರನನ್ನು ಎಳೆದು ತಂದರು. ಕೋವಿಯನ್ನು ಪರೀಕ್ಷಿಸಲು ಹಿರಿಯನನ್ನೇ ಕರೆಸಿದರು.

ಹಿರಿಯನು ಎಡಚ. ಅವನ ಸುತ್ತಿಗೆಯ ಏಟು ನಳಿಗೆಯ ಮೇಲೆ ಎಡಕ್ಕೆ ವಾಲಿ ಬೀಳುತ್ತಿತ್ತು. ಕೋವಿ ಕೈಗೆ ಬಂದೊಡನೆ ಎಡಕ್ಕೆ ವಾಲಿದ ಆ ಏಟುಗಳೇ ಅವನ ಕಣ್ಣಿಗೆ ಬಿದ್ದವು.

“ಅಣ್ಣಾ, ಇದು ಯಾರ ಕೈಕೆಲಸವೆಂದು ನಿನಗೂ ಗೊತ್ತು, ನನಗೂ ಗೊತ್ತು. ಹೇಳಿಬಿಡು” ಎಂದ ಕಿರಿಯ.

ಹಿರಿಯನು ಅಧಿಕಾರಿಯ ಕಡೆ ತಿರುಗಿದ. “ಒಡೆಯಾ, ಇದು ನಾನು ಅರಮನೆಗೆ ಮಾಡಿಕೊಟ್ಟದ್ದು” ಎಂದ.

ಅಧಿಕಾರಿ ಸಿಟ್ಟಾಗಲಿಲ್ಲ. “ಅರಮನೆಯ ಕೋವಿ ಹೊರಗೆ ಬರುವುದಿಲ್ಲ. ಬಂದಿದೆ ಎನ್ನಲು ದಾಖಲೆಯೂ ಇಲ್ಲ. ಇದು ನಿನ್ನ ಕೈಯದೇ ಆದರೆ, ಕದ್ದು ಮಾಡಿ ಮಾರಿದವನು ನೀನು. ಇನ್ನೊಮ್ಮೆ ನೋಡಿ ಹೇಳು” ಎಂದ.

ಹಿರಿಯನು ಇನ್ನೊಮ್ಮೆ ನೋಡಿದ. ಕಿರಿಯನ ಮುಖವನ್ನು ಮಾತ್ರ ನೋಡಲಿಲ್ಲ. “ಕಣ್ಣು ಮಂಜಾಗಿದೆ ಒಡೆಯಾ. ಇದು ನನ್ನದಲ್ಲ” ಎಂದ.

ಕಿರಿಯನ ಬಲಗೈ ಕಡಿದರು. ರೈತರ ಕೋವಿಗಳಿಗೆ ಕಟ್ಟಳೆಯನ್ನು ಇನ್ನಷ್ಟು ಬಿಗಿ ಮಾಡಿದರು. ಹಿರಿಯನಿಗೆ ಅರಮನೆಯಿಂದ ಮತ್ತೆ ಕೆಲಸ ಬಂತು. ಅವನು ಕುಲುಮೆ ಹೊತ್ತಿಸಿದ, ಮಾಡಿಕೊಟ್ಟ. ಉಂಡ ಅನ್ನ ಮಾತ್ರ ಮೈಗೆ ಹತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. “ಅಲ್ಲ ಗುರುಗಳೇ, ಆ ಎಣ್ಣೆ ವ್ಯಾಪಾರಿಗೆ ಗುಂಡು ಹೊಡೆದವನು ಯಾರು?” ಎಂದ.

“ಆ ಊರಿನಲ್ಲಿ ಅದನ್ನು ಯಾರೂ ಕೇಳಲಿಲ್ಲ” ಎಂದರು ಗುರುಗಳು.