ಮುಗಿಯದ ಪಂಚಮಿ

ಕೇಳುವವರು ನಡುನಡುವೆ ಹೂಂ ಅನ್ನಬೇಕು. ಅನ್ನದಿದ್ದರೆ ಈ ಕತೆಯ ಗದಿಗೆಪ್ಪ ದಾರಿಯಲ್ಲೇ ನಿಂತುಬಿಡುತ್ತಾನೆ. ಅಂಥವನು ಅವನು.

ಮೊರಬದಿನ್ನಿ ಅಂತ ಒಂದು ಊರು. ಊರ ಮುಂದೆ ಹೊಳೆ. ಹೊಳೆಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ನಡೆದು ದಾಟಬೇಕು, ಮಳೆಗಾಲದಲ್ಲಿ ಅಂಬಿಗರ ಹರಗೋಲು ಹತ್ತಬೇಕು. ಆ ಊರಲ್ಲಿ ಕಲ್ಲವ್ವ ಅನ್ನುವವಳು ಚುರುಮುರಿ ಹುರಿಯುವ ಭಟ್ಟಿ ಇಟ್ಟುಕೊಂಡಿದ್ದಳು. ಗಂಡ ತೀರಿಕೊಂಡಿದ್ದ. ಮಗಳು ನಿಂಬವ್ವನನ್ನು ಹೊಳೆಯಾಚೆಯ ಕರಿಕಟ್ಟಿಗೆ ಕೊಟ್ಟಿತ್ತು. ಮನೆಯಲ್ಲಿ ಉಳಿದವನು ಮಗ ಗದಿಗೆಪ್ಪ. ಇಪ್ಪತ್ತೈದು ವರ್ಷ, ಎತ್ತಿನಂಥ ಮೈ, ಕೂಸಿನಂಥ ಮನಸ್ಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

"ಲೇ ಗದಿಗ್ಯಾ, ಭಟ್ಟಿ ನೋಡ್ತಿರು" ಅಂತ ಕಲ್ಲವ್ವ ನೀರಿಗೆ ಹೋದರೆ ಅವನು ನೋಡುತ್ತ ಕೂರುವನು. ಚುರುಮುರಿ ಸೀದು ಕರ್ರಗಾದರೂ ನೋಡುತ್ತಲೇ ಇರುವನು.

"ಅಯ್ಯ ನಿನ್ನ! ಎಲ್ಲಾ ಸೀದು ಹೋತಲ್ಲೋ!"

"ಹೌದವ್ವಾ, ಮೊದಲಿಂದ ಕಡೀತನಕ ನೋಡೀನಿ!"

ಈ ಮಗನನ್ನು ಕಟ್ಟಿಕೊಂಡು ಏನು ಮಾಡಲಿ ಅಂತ ಕಲ್ಲವ್ವ ಹಣೆ ಬಡಿದುಕೊಳ್ಳುವಳು.

ಆ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ನಾಗರ ಪಂಚಮಿಗೆ ತವರಿನ ಗಂಡಸು ಹೋಗಿ ಮಗಳನ್ನು ಕರೆತರಬೇಕು. ಕರೆಯದೆ ಮಗಳು ಬರುವಂತಿಲ್ಲ, ಬೀಗರು ಕಳಿಸುವಂತಿಲ್ಲ. ಗಂಡ ಇದ್ದಾಗ ಅವನೇ ಹೋಗುತ್ತಿದ್ದ. ಅವನು ತೀರಿದ ಮೇಲೆ, ಗದಿಗೆಪ್ಪನನ್ನು ಕಳಿಸಲು ಧೈರ್ಯ ಸಾಲದೆ, ಎರಡು ಪಂಚಮಿ ಯಾರೂ ಹೋಗಲಿಲ್ಲ, ನಿಂಬವ್ವ ಬರಲಿಲ್ಲ. "ಸೊಸಿಗೆ ತವರುಮನಿ ಇಲ್ಲಂತ ತಿಳ್ಕೊಂಡೀವಿ" ಅಂತ ಅವಳ ಮಾವ ಯಮನಪ್ಪ ಸಂತೆಯಲ್ಲಿ ಅಂದದ್ದು ಕಲ್ಲವ್ವನ ಕಿವಿಗೂ ಬಿತ್ತು. ತಾನೇ ಹೋಗಿ ಕೇಳೋಣವೆಂದರೆ ಕಲ್ಲವ್ವನ ಹಟ ಬಿಡದು. ಮಗಳ ಮುಖ ನೋಡದೆ ಇರೋಣವೆಂದರೆ ಕರುಳು ಬಿಡದು.

ಮೂರನೆಯ ವರ್ಷ ಬೇಸಿಗೆಯಲ್ಲೇ ಮಗನನ್ನು ಕೂರಿಸಿಕೊಂಡು ಹೇಳಿದಳು. ಬಿಸಿಲೆಂದರೆ ಬಿಸಿಲು, ಕಾಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು.

"ಅಕ್ಕನ ಊರಿಗೆ ಹೋಗು. ಹೋದಕೂಡಲೇ ಕಳಿಸ್ರಿ ಅನಬ್ಯಾಡ, ಚಂದ ಕಾಣೂದಿಲ್ಲ. ಮೊದಲು ಬಿಸಿಲಿನ ಮಾತಾಡು. ಆಮ್ಯಾಲ ಊರ ಸುದ್ದಿ ಕೇಳು. ಹಿರಿಯಾರು ಏನಂದ್ರೂ ಹೌದ್ರಿ ಅನ್ನು. ಅವರ ಮನಸು ಮೆತ್ತಗಾದ ಮ್ಯಾಲ ಪಂಚಮಿ ಮಾತು ತಗಿ."

ಹೋದ ಗದಿಗೆಪ್ಪ. ಹೊಳೆ ದಾಟಿದ. ಯಮನಪ್ಪ ಕಟ್ಟೆಯ ಮೇಲೆ ಕೂತು ಬೀಸಣಿಕೆ ಬೀಸಿಕೊಳ್ಳುತ್ತಿದ್ದ.

"ಏನು ಬಿಸಿಲ್ರೀ ಮಾಮಾ!"

"ಬಿಸಿಲೇನೋ ಇದು? ಬೆಂಕಿ! ಕೋಳಿ ತತ್ತಿ ಇಟ್ಟಲ್ಲೇ ಬೇಯಾಕತ್ತಾವು."

"ಹೌದ್ರಿ. ಊರ ಸುದ್ದಿ ಏನ್ರಿ?"

"ಏನೈತಿ? ಪಂಪು ಕೆಟ್ಟೈತಿ, ಹೆಣ್ಣಮಕ್ಕಳು ಕೊಡಕ್ಕ ಕೊಡ ಬಡಿದಾಡಾಕತ್ತಾರ. ನಿಮ್ಮವ್ವ ಹ್ಯಾಂಗದಾಳ? ಭಾಳ ಸೊಕ್ಕಿನ ಹೆಂಗಸು ಬಿಡು."

"ಹೌದ್ರಿ."

"ಮಗಳು ಇದ್ದಾಳೋ ಸತ್ತಾಳೋ ಅಂತ ಕೇಳಿಲ್ಲ. ಆಕಿಗೆ ಮಗಳು ಬೇಕಾಗಿಲ್ಲ."

"ಹೌದ್ರಿ."

"ಹಂಗಾರ ಈ ಪಂಚಮಿಗೂ ಕಳಿಸೂದು ಬ್ಯಾಡ?"

"ಹೌದ್ರಿ!"

ಬಾಗಿಲ ಹಿಂದೆ ನಿಂತಿದ್ದ ನಿಂಬವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಗದಿಗೆಪ್ಪ ಊರಿಗೆ ಬಂದ. ಕಲ್ಲವ್ವ ಊರ ಅಗಸೆಬಾಗಿಲಿಗೇ ಬಂದು ನಿಂತಿದ್ದಳು.

"ಅಕ್ಕ ಹ್ಯಾಂಗದಾಳೋ? ಸೊರಗ್ಯಾಳೇನು? ನನ್ನ ಕೇಳಿದಳೇನು?"

"ಕೇಳಿದಳವ್ವಾ. ಅವ್ವ ಹ್ಯಾಂಗದಾಳೋ ತಮ್ಮಾ ಅಂದಳು. ಹೌದ್ರಿ ಅಂದೆ."

ಮನೆ ಮುಟ್ಟುವಷ್ಟರಲ್ಲಿ ನಡೆದದ್ದೆಲ್ಲ ಬಾಯಿ ಬಿಡಿಸಿ ಕೇಳಿಕೊಂಡು ಕಲ್ಲವ್ವ ಭಟ್ಟಿಯ ಜರಡಿ ಎತ್ತಿ ಒಗೆದಳು.

"ಮನಿ ಬಗ್ಗೆ ಕೆಟ್ಟದ್ದಾಡಿದ್ರ ಹೌದಂತಾರೇನೋ? 'ಛೇ ಛೇ, ಎಲ್ಲಾ ಸುಳ್ಳು!' ಅನಬೇಕು!"

"ಇನ್ನ ಮ್ಯಾಲ ಹಂಗ ಅಂತೀನವ್ವಾ."

ಹದಿನೈದು ದಿನ ಕಳೆಯಿತು. ಒಂದು ಸಂಜೆ ಬಿರುಗಾಳಿ ಎದ್ದು, ಆಲಿಕಲ್ಲು ಸುರಿದು, ಎರಡೂ ದಂಡೆಯ ಊರುಗಳಲ್ಲಿ ಮರ ಮುರಿದವು. ಕರಿಕಟ್ಟಿಯಲ್ಲಿ ಯಾರದೋ ಮನೆ ಹಾರಿತಂತೆ ಅಂತ ಸುದ್ದಿ ಬಂತು. ಯಾರದು? ಹೇಳುವವರಿಲ್ಲ. ಕಲ್ಲವ್ವನಿಗೆ ರೊಟ್ಟಿ ಇಳಿಯಲಿಲ್ಲ.

"ಓಡು ಗದಿಗ್ಯಾ! ಅಕ್ಕ ಹ್ಯಾಂಗದಾಳ ನೋಡು. ಪಂಚಮಿ ಮಾತೂ ಕೇಳಿ ಬಾ."

ಹೋದ ಗದಿಗೆಪ್ಪ. ಹೊಳೆ ದಾಟಿದ. ಹಾರಿದ್ದು ಯಮನಪ್ಪನ ಮನೆಯ ತಗಡೇ. ಪಡಸಾಲೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು.

"ನೋಡಪಾ, ಎಂಟು ತಗಡು ಹಾರಿ ಹೋದುವು."

"ಛೇ ಛೇ, ಎಲ್ಲಾ ಸುಳ್ಳು!"

"ಸುಳ್ಳೇನೋ? ಮ್ಯಾಲ ನೋಡು! ಏನು ಕಾಣತೈತಿ?"

"ಮುಗಿಲು ಕಾಣತೈತ್ರಿ. ಎಲ್ಲಾ ಸುಳ್ಳು!"

ಯಮನಪ್ಪ ಹಲ್ಲು ಕಡಿದು ತಾಳಿಕೊಂಡ. ಕೆಟ್ಟವನಲ್ಲ ಅವನು, ಸಿಟ್ಟಿನವನು ಅಷ್ಟೇ. "ತಗಡು ಹೋದ್ರ ಹೋಗಲಿ. ನಿಮ್ಮಕ್ಕ ಎರಡು ವರ್ಷದಿಂದ ಹೊಳಿ ಕಡೆ ಮಾರಿ ಮಾಡಿ ನಿಲ್ತಾಳ. ನನಗೂ ನೋಡಾಕ ಆಗವಲ್ದು. ಈ ಪಂಚಮಿಗೆ ಕಳಿಸೂಣ ಅಂತ ಮಾಡೀನಿ."

"ಛೇ ಛೇ, ಎಲ್ಲಾ ಸುಳ್ಳು!"

ಯಮನಪ್ಪ ಬಾರುಕೋಲು ತೆಗೆದುಕೊಂಡು ಹೊಳೆಯ ತನಕ ಅಟ್ಟಿಸಿಕೊಂಡು ಬಂದ.

"ಅಕ್ಕ ಆರಾಮದಾಳೇನೋ?" ಅಂದಳು ಕಲ್ಲವ್ವ.

"ಆರಾಮದಾಳ. ಆದ್ರ ಅವ್ವಾ, ಮಾಮಾ ಭಾಳ ಸುಳ್ಳು ಹೇಳ್ತಾನ."

ಈ ಸಲ ಕಲ್ಲವ್ವನಿಗೆ ಎತ್ತಿ ಒಗೆಯಲು ಏನೂ ಸಿಗಲಿಲ್ಲ. "ಕಳಿಸ್ತೀನಿ ಅಂದವಗ ಸುಳ್ಳು ಅಂದೀಯಲ್ಲೋ! ಒಬ್ಬರ ಮನಿಯಾಗ ಹಿಂಗಾತಂತ ಹೇಳಿದ್ರ ಕುಂತು ನಾಕು ಹನಿ ಕಣ್ಣೀರು ಹಾಕಬೇಕು. 'ಇಂಥಾದ್ದು ವೈರಿಗೂ ಬರಬಾರದ್ರಿ' ಅನಬೇಕು!"

"ಇನ್ನ ಮ್ಯಾಲ ಹಂಗ ಅಂತೀನವ್ವಾ."

ಮುಂಗಾರು ಹಿಡಿಯಿತು. ಹೊಳೆಗೆ ಕೆಂಪು ನೀರು ಬಂತು, ಹರಗೋಲು ಇಳಿಯಿತು. ಒಂದು ಸೇರು ಚುರುಮುರಿ ಕಟ್ಟಿ, ತಪ್ಪಾಯಿತೆಂದು ಹೇಳಿ ಬರಲು ಕಲ್ಲವ್ವ ಮಗನನ್ನು ಕಳಿಸಿದಳು. ಹೋದ ಗದಿಗೆಪ್ಪ. ಹೊಳೆ ದಾಟಿದ. ಅವತ್ತು ಯಮನಪ್ಪನ ಮನೆಯಲ್ಲಿ ನಾಲ್ಕು ಮಂದಿ ಸೇರಿದ್ದರು, ಎಲ್ಲರ ಮುಖದಲ್ಲೂ ನಗು. ಗದಿಗೆಪ್ಪನ ಬಾಯಿಗೆ ಯಾರೋ ಸಕ್ಕರೆ ಹಾಕಿದರು.

"ನಿಮ್ಮಕ್ಕಗ ಮೂರು ತಿಂಗಳಾತಪಾ! ನೀ ಸೋದರಮಾವ ಆಗ್ತಿ! ನಮ್ಮ ಮನಿಯಾಗ ಹಿಂಗಾತು ಅಂತ ನಿಮ್ಮವ್ವಗ ಹೇಳು" ಅಂದ ಯಮನಪ್ಪ.

ಗದಿಗೆಪ್ಪ ಅಲ್ಲೇ ನೆಲಕ್ಕೆ ಕೂತ. ಎದೆ ಬಡಿದುಕೊಂಡ. "ಅಯ್ಯಯ್ಯೋ! ಇಂಥಾದ್ದು ವೈರಿಗೂ ಬರಬಾರದ್ರಿ!"

ನಾಲ್ಕು ಹನಿ ಅಂದಿದ್ದಳು ತಾಯಿ. ಎಣಿಸಲು ಬಾರದ್ದರಿಂದ ಒಂದು ಬೊಗಸೆ ಸುರಿಸಿದ. ಆ ಅಳು ಕೇಳಿ ಯಾರೋ ತೀರಿಕೊಂಡರೆಂದು ಓಣಿಯ ಮಂದಿ ಓಡಿ ಬಂದರು. "ಶುಭದಾಗ ಅಳ್ತಾನ! ಹೊರಗ ಹಾಕ್ರಿ ಇವನ್ನ!"

ಅತ್ತು ಕೆಂಪಾದ ಕಣ್ಣಲ್ಲೇ ಮನೆಗೆ ಬಂದ. ಆ ಕಣ್ಣು ನೋಡಿ ಕಲ್ಲವ್ವ ಉರಿಯುವ ಭಟ್ಟಿ ಬಿಟ್ಟು ಓಡಿ ಬಂದಳು.

"ಏನಾತೋ? ಅಕ್ಕಗ ಏನಾತೋ?"

"ಅಕ್ಕಗ ಬಂದದ್ದು ವೈರಿಗೂ ಬರಬಾರದವ್ವಾ!"

"ಅಯ್ಯೋ ನನ್ನ ಮಗಳೇ! ಏನು ಬಂತೋ? ಜ್ವರಾನೋ? ಹಾವು ಕಡೀತೋ?"

"ಗೊತ್ತಿಲ್ಲ. ಮೂರು ತಿಂಗಳಂತ. ಎಲ್ಲರೂ ನಗಾಕತ್ತಿದ್ರು. ನನಗ ಸಕ್ರಿ ಕೊಟ್ರು."

ಕಲ್ಲವ್ವ ಗೋಡೆಗೆ ಒರಗಿ ಕೂತಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಹಿಂದೆ ಚುರುಮುರಿ ಸೀದು ಹೊಗೆ ಎದ್ದಿತು. ಇಬ್ಬರೂ ನೋಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಸುರಿ ಹುಡುಗಿ. ಏನು ತಿನ್ನಬೇಕು ಅನಸ್ತೈತೋ ಏನೋ. ಯಾರ ಮುಂದ ಹೇಳ್ಯಾಳು" ಅಂದಳು. ಬೈಯುವುದನ್ನೇ ಮರೆತಳು.

ಶ್ರಾವಣ ಬಂತು. ಕಲ್ಲವ್ವ ಜೋಳದ ಅಳ್ಳು ಹುರಿದಳು, ಶೇಂಗಾದುಂಡಿ ಕಟ್ಟಿದಳು, ಹಸಿರು ಕುಬುಸದ ಅರಿವೆ ತಂದಳು. ಗಂಟು ಮಗನ ತಲೆಯ ಮೇಲಿಟ್ಟಳು.

"ಗದಿಗ್ಯಾ, ಇವತ್ತು ಮಾತೇ ಬ್ಯಾಡ. ನಗಬ್ಯಾಡ, ಅಳಬ್ಯಾಡ, ಬಾಯಿ ತಗೀಬ್ಯಾಡ. ಗಂಟು ಮುಂದಿಡು, ಕೈ ಮುಗಿ. ಹಿರಿಯಾರು ಹ್ಯಾಂಗ ಹೇಳ್ತಾರ ಹಂಗ ಮಾಡು. ಒಂದು ಅಕ್ಷರ ಆಚೀಚೆ ಮಾಡಬ್ಯಾಡ."

ಹೋದ ಗದಿಗೆಪ್ಪ. ಹೊಳೆ ದಾಟಿದ. ಗಂಟು ಇಟ್ಟ, ಕೈ ಮುಗಿದ, ನಿಂತ.

"ಕರಿಯಾಕ ಬಂದೀಯೇನು?"

ಮಾತಿಲ್ಲ.

"ಮತ್ತೇನರ ಸುಳ್ಳಂತೀಯೇನು?"

ಮಾತಿಲ್ಲ.

ಯಮನಪ್ಪ ಗಂಟು ಬಿಚ್ಚಿ ಉಂಡಿ ನೋಡಿದ, ಕುಬುಸ ನೋಡಿದ. ಮೂರು ವರ್ಷದ ಸಿಟ್ಟು ಅಲ್ಲಿಗೆ ಇಳಿಯಿತು. "ಬಾಯಿ ಮುಚ್ಚಿದ್ರ ನಿನ್ನಷ್ಟು ಶಾಣ್ಯಾ ಮನಶ್ಯಾ ಇಲ್ಲ ನೋಡು! ಕರಕೊಂಡು ಹೋಗು. ಆದ್ರ ಹಬ್ಬ ಮುಗಿದಕೂಡಲೇ, ಒಂದು ಗಳಿಗಿ ತಡ ಮಾಡದ, ಹೊಳ್ಳಿ ಕರಕೊಂಡು ಬರಬೇಕು."

ಗದಿಗೆಪ್ಪ ತಲೆ ಆಡಿಸಿದ.

ಅಕ್ಕ ತಮ್ಮ ದಂಡೆಗೆ ಬರುವಷ್ಟರಲ್ಲಿ ಹೊಳೆ ಉಕ್ಕಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯಬೇಡಿ ಅಂತ ರೇಡಿಯೋದಲ್ಲಿ ಹೇಳಿದರಂತೆ. ಅಂಬಿಗರು ಹರಗೋಲನ್ನು ದಂಡೆಗೆ ಎಳೆದು ಕವುಚಿ ಹಾಕಿದ್ದರು. "ಮನಿಗೆ ಹೊಳ್ಳಿ ಹೋಗವ್ವಾ" ಅಂದರು. ನಿಂಬವ್ವ ಒಪ್ಪಲಿಲ್ಲ. ತಾಯಿಯ ಹಟವೇ ಅವಳಿಗೂ. "ಹೊಸ್ತಿಲ ದಾಟೀನಿ. ಅವ್ವನ್ನ ನೋಡೇ ಹೊಳ್ಳಾಕಿ" ಅಂತ ಅಂಬಿಗರ ಮುದುಕಿಯ ಮನೆಯಲ್ಲಿ ಉಳಿದಳು.

ನಾಲ್ಕು ದಿನ ನೀರು ಇಳಿಯಲಿಲ್ಲ. ಆಚೆ ದಂಡೆಯಿಂದ ನಿಂಬವ್ವ ತಾಯಿಯ ಭಟ್ಟಿಯ ಹೊಗೆ ನೋಡುವಳು. ಈಚೆ ದಂಡೆಯಿಂದ ಕಲ್ಲವ್ವ ಮಗಳ ಸೀರೆಯ ಹಸಿರು ಚುಕ್ಕೆ ನೋಡುವಳು. ಕೂಗಿದರೆ ಹೊಳೆಯ ಸದ್ದಿಗೆ ಏನೂ ಕೇಳದು. ಎರಡೂ ಊರಲ್ಲಿ ನಾಗಪ್ಪನಿಗೆ ಹಾಲೆರೆದರು, ಹುಡುಗಿಯರು ಜೋಕಾಲಿ ಆಡಿದರು, ಜೋಕಾಲಿ ಬಿಚ್ಚಿದರು. ಪಂಚಮಿ ಬಂದು ಹೋಯಿತು.

ಐದನೆಯ ದಿನ ಹರಗೋಲು ಇಳಿಯಿತು. ಕಲ್ಲವ್ವ ತುಂಬಿದ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಂಬವ್ವ ಬಂದಳು. ಒಂದು ಕಾಲು ಹೊಸ್ತಿಲ ಮೇಲಿಟ್ಟಳು. ಗದಿಗೆಪ್ಪ ಅವಳ ಕೈ ಹಿಡಿದು ನಿಲ್ಲಿಸಿದ.

"ಅಕ್ಕಾ, ಹಬ್ಬ ಮುಗದೈತಲ್ಲ? ನಡಿ ಹೋಗೂಣು."

"ಎಲ್ಲಿಗೋ?"

"ಮಾಮಾ ಹೇಳ್ಯಾನಲ್ಲ, ಮುಗಿದಕೂಡಲೇ ಬಾ ಅಂತ. ಒಂದು ಗಳಿಗಿ ತಡ ಮಾಡಬಾರದು." ಅಕ್ಕನ ಟ್ರಂಕು ತಲೆಯ ಮೇಲಿಟ್ಟುಕೊಂಡು, ಅವಳನ್ನು ಎಳೆದುಕೊಂಡು ಹೊರಟೇಬಿಟ್ಟ! ಬಸುರಿ ಹುಡುಗಿ ಅಳುತ್ತ, "ಅವ್ವಾ!" ಅಂತ ತಿರುತಿರುಗಿ ನೋಡುತ್ತ ಹತ್ತು ಹೆಜ್ಜೆ ಹೋದಳು.

ಕಲ್ಲವ್ವ ಕೊಡ ಕೆಳಗಿಟ್ಟು ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಹೊಡೆದು ಇವನಿಗೆ ಏನು ಕಲಿಸಿದ್ದೇನೆ?

"ಗದಿಗ್ಯಾ, ನಿಲ್ಲು. ಯಾರಂದ್ರೋ ಹಬ್ಬ ಮುಗೀತಂತ?"

"ಊರಾಗೆಲ್ಲಾ ಮುಗೀತಲ್ಲವ್ವಾ."

"ಊರಾಂದು ಮುಗದೈತಿ. ನಮ್ಮ ಮನಿ ಪಂಚಮಿ ಇವತ್ತು ಶುರು. ನಾ ಮುಗೀತು ಅನ್ನೂತನಕ ಅದು ಮುಗಿಯೂದಿಲ್ಲ. ತಿಳೀತಾ?"

"ತಿಳೀತು" ಅಂದ ಗದಿಗೆಪ್ಪ. ಟ್ರಂಕು ಒಳಗಿಟ್ಟ. ತೊಲೆಗೆ ಜೋಕಾಲಿ ಕಟ್ಟಿದ.

ಬೆಳಗಾದರೆ ಕೇಳುವನು: "ಅವ್ವಾ, ಮುಗೀತಾ?"

"ಇಲ್ಲ."

ಭಾದ್ರಪದ ಹೋಯಿತು. "ಮುಗೀತಾ?" "ಇಲ್ಲ."

ದಸರೆಗೆ ಯಮನಪ್ಪ ತಾನೇ ಬಂದ. "ಏನೋ, ಹಬ್ಬ ಮುಗಿದಕೂಡಲೇ ಅಂದಿದ್ನಲ್ಲ?"

"ಇನ್ನೂ ಮುಗದಿಲ್ರಿ ಮಾಮಾ. ನೋಡ್ರಿ, ಜೋಕಾಲಿ ಐತಿ."

ಯಮನಪ್ಪ ಜೋಕಾಲಿ ನೋಡಿದ. ಅದರ ಮೇಲೆ ಕೂತು ಉಂಡಿ ತಿನ್ನುತ್ತಿದ್ದ ಸೊಸೆ ಗಾಬರಿಯಾಗಿ ಇಳಿಯಲು ನೋಡಿದಳು. ಅವಳ ಕೆನ್ನೆ ತುಂಬಿದ್ದನ್ನೂ ನೋಡಿದ. "ಎಂಥಾ ಪಂಚಮಿನೋ ಇದು!" ಅಂತ ತಾನೂ ಒಂದು ಉಂಡಿ ತಿಂದು ಹೋದ. ಹೇಗೂ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕಲ್ಲ.

ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕೂಸು ನಗಲು ಕಲಿಯಿತು, ಮಗ್ಗುಲಾಗಲು ಕಲಿಯಿತು. ಮತ್ತೆ ಬಿಸಿಲು ಬಂತು, ಹೊಳೆ ಸೊರಗಿತು. ಬಾಣಂತನ ಮುಗಿಯಿತು, ಕೂಸನ್ನು ನೋಡಬೇಕು ಅಂತ ಕರಿಕಟ್ಟಿಯಿಂದ ಮೇಲಿಂದ ಮೇಲೆ ಹೇಳಿಕೆ ಬಂತು. ಅದೂ ನ್ಯಾಯವೇ.

"ಅವ್ವಾ, ಮುಗೀತಾ?"

ಕಲ್ಲವ್ವ ಕೂಸಿಗೆ ಕಾಡಿಗೆ ಹಚ್ಚುತ್ತಿದ್ದಳು. ಒಂದು ಕಣ್ಣಿಗೆ ಹಚ್ಚಿದಳು. ಇನ್ನೊಂದು ಕಣ್ಣಿಗೂ ಹಚ್ಚಿದಳು. ಕೆನ್ನೆಗೆ ಬೊಟ್ಟಿಟ್ಟಳು. ಹಚ್ಚುವುದಕ್ಕೆ ಇನ್ನೇನೂ ಉಳಿಯಲಿಲ್ಲ.

"ಮುಗೀತಪಾ" ಅಂದಳು.

ಗದಿಗೆಪ್ಪ ಅವತ್ತೇ ಅಕ್ಕನನ್ನೂ ಕೂಸನ್ನೂ ಕರಿಕಟ್ಟಿಗೆ ಬಿಟ್ಟು ಬಂದ.

ಮರುದಿನ ಕಲ್ಲವ್ವ ಭಟ್ಟಿ ಹಚ್ಚಲಿಲ್ಲ. ಅದರ ಮರುದಿನವೂ ಹಚ್ಚಲಿಲ್ಲ. ಬಾಗಿಲಲ್ಲಿ ಕೂತು ಹೊಳೆಯ ಕಡೆ ನೋಡುತ್ತಿದ್ದಳು. ಗದಿಗೆಪ್ಪ ಪಕ್ಕದಲ್ಲಿ ಬಂದು ಕೂತ.

"ಅವ್ವಾ, ಒಂದು ಪಂಚಮಿ ಮುಗೀತಂದ್ರ ಇನ್ನೊಂದು ಶುರು ಆದಂಗಲ್ಲ?"

ಕಲ್ಲವ್ವ ಯಾರನ್ನೋ ಕೇಳುವವಳ ಹಾಗೆ, "ಹೊಳಿಯಾಗ ನೀರು ಎಷ್ಟೈತೋ ಏನೋ. ನೋಡಿ ಬಾ" ಅಂದಳು.

ಹೋದ ಗದಿಗೆಪ್ಪ. ನೀರು ಎಷ್ಟಿದೆ ಅಂತ ಈ ದಂಡೆಯಿಂದ ನೋಡುತ್ತ ನೋಡುತ್ತ ಆ ದಂಡೆಗೆ ಹೋದ. ಅಲ್ಲಿಂದ ನೆಟ್ಟಗೆ ಯಮನಪ್ಪನ ಮನೆಗೆ ಹೋಗಿ ಕೈ ಮುಗಿದು ನಿಂತ.

"ಮಾಮಾ, ಪಂಚಮಿಗೆ ಅಕ್ಕನ್ನ ಕರಿಯಾಕ ಬಂದೀನ್ರಿ."

"ಮೊನ್ನೆ ಬಿಟ್ಟು ಹೋಗೀಯಲ್ಲೋ ಹುಚ್ಚಪ್ಪಾ! ಇನ್ನೂ ಟ್ರಂಕು ತೆರದಿಲ್ಲ ಆಕಿ! ಪಂಚಮಿಗೆ ಮೂರು ತಿಂಗಳೈತಿ!" ಅಂದ ಯಮನಪ್ಪ. ಒಳಬಾಗಿಲಲ್ಲಿ ಸೊಸೆ ಕೂಸನ್ನೆತ್ತಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ಅವನ ದನಿ ತಗ್ಗಿತು.

"ಖರೇ ಹೇಳು ತಮ್ಮಾ. ಕರಕೊಂಡು ಬಾ ಅಂತ ನಿಮ್ಮವ್ವ ಹೇಳಿದಳೇನು?"

"ಇಲ್ರಿ" ಅಂದ ಗದಿಗೆಪ್ಪ. "ಹೊಳಿಯಾಗ ನೀರು ಎಷ್ಟೈತಿ ನೋಡಿ ಬಾ ಅಂದಳು. ಮೊಣಕಾಲಮಟ ಐತ್ರಿ. ಎತ್ತಿಕೊಂಡ್ರ ಕೂಸಿಗೆ ನೀರು ಹತ್ತೂದಿಲ್ಲ."