ಎಣ್ಣೆ ಹಚ್ಚಿದ ಹೆಗಲು

"ಮಾವ, ಪಿಯುಸಿಗೆ ನಾನು ಯಾವ ವಿಷಯ ತಗೊಳ್ಳಲಿ?" ಎಂದು ಇಂಚರ ಕೇಳಿದಳು.

ಇಂಚರ ನನ್ನ ತಂಗಿಯ ಮಗಳು. ಮೂರು ವರ್ಷ ಸಂಜೆ ಹೊತ್ತು ನನ್ನ ಬಳಿ ಗಣಿತ ಕಲಿತವಳು, ಹಾಗಾಗಿ ಶಿಷ್ಯೆಯೂ ಹೌದು. ಕೇಳಬೇಕಾದವರನ್ನೇ ಕೇಳಿದ್ದಾಳೆ ಅನ್ನಿಸಿತು. ನನ್ನ ಸಲಹೆ ಇಲ್ಲದೆ ನಮ್ಮ ಹೋಬಳಿಯಲ್ಲಿ ಕೋಳಿ ಕೂಡ ಕಾವಿಗೆ ಕೂರುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೇನೆ. ನಾನು ಬೋರ್ಡಿನ ಮೇಲೆ ಬರೆದ ವೃತ್ತವನ್ನು ನೋಡಿ ಹುಣ್ಣಿಮೆಯ ಚಂದ್ರ ನಾಚಿಕೊಂಡು ಎರಡು ದಿನ ತಡವಾಗಿ ಬಂದದ್ದುಂಟು. ಅದಕ್ಕೆ ಸಾಕ್ಷಿಗಳಿದ್ದರು. ಈಗ ಎಲ್ಲರೂ ನಿವೃತ್ತರಾಗಿದ್ದಾರೆ.

ಆದರೆ ಆ ಮಧ್ಯಾಹ್ನ ನಾನು ದಣಿದಿದ್ದೆ. ಆ ಬೇಸಿಗೆಯಲ್ಲಿ ಇದೇ ಪ್ರಶ್ನೆ ಹಿಡಿದು ಬಂದವರಲ್ಲಿ ಇಂಚರ ಹದಿನಾಲ್ಕನೆಯವಳು. ಹದಿಮೂರು ಮಂದಿಗೆ ಉತ್ತರ ಹೇಳಿ ನಾಲಗೆ ಸವೆದಿತ್ತು. ಸಾಲದ್ದಕ್ಕೆ ಬೆಳಗ್ಗೆ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಬಸ್ಸನ್ನು ಒಂದೇ ಕೈಯಲ್ಲಿ ಎತ್ತಿ ಬದಿಗಿಟ್ಟಿದ್ದೆ. ಸೊಂಟ ಹಿಡಿದುಕೊಂಡಿತ್ತು. ಬಸ್ಸೆತ್ತಿದ್ದನ್ನು ಇಂಚರಳಿಗೂ ಹೇಳಿದ್ದೆ. ಅದು ಬಸ್ಸಲ್ಲ, ಅರ್ಧ ಕೊಡ ನೀರು ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಅವಳು ಆಗ ಅಡುಗೆಮನೆಯಲ್ಲಿದ್ದಳು, ಅವಳಿಗೇನು ಗೊತ್ತು! ಜಗಲಿಯ ಗೋಡೆಗೆ ದಿಂಬು ಆನಿಸಿಕೊಂಡು, ಅಲುಗಾಡದೆ ಕೂತಿದ್ದೆ.

ಇಂಚರ ಅರ್ಜಿಯನ್ನು ಚಾಪೆಯ ಮೇಲೆ ಹರಡಿದಳು. ವಿಷಯಗಳನ್ನು ಬರೆಯುವ ಜಾಗದಲ್ಲಿ ಪೆನ್ಸಿಲಿನಿಂದ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು.

"ನಾಳೆ ಕೊನೇ ದಿನ ಮಾವ. ಅಪ್ಪ ವಿಜ್ಞಾನ ಅಂತಾರೆ. ಇಂಜಿನಿಯರಿಂಗ್ ಓದ್ತಿರೋ ಅಕ್ಕ, ಈ ಕಡೆ ತಲೆ ಹಾಕಬೇಡ, ಕಾಮರ್ಸ್ ತಗೊಂಡು ಹಾಯಾಗಿರು ಅಂತಾಳೆ. ಕಾಮರ್ಸ್ ಓದಿ ಬ್ಯಾಂಕಲ್ಲಿರೋ ಎದುರುಮನೆ ಆಂಟಿ, ಅದೊಂದು ಬೇಡ ಕಣೇ, ನಾನು ಪಟ್ಟಿದ್ದು ಸಾಕು ಅಂತಾರೆ."

"ನಿನಗೇನು ಇಷ್ಟ?"

"ಭೂಗೋಳ," ಎಂದಳು, ಕದ್ದ ಮಾಲಿನ ಹೆಸರು ಹೇಳುವವಳ ಹಾಗೆ. "ಅದಕ್ಕೆ ಕಲಾ ವಿಭಾಗಕ್ಕೆ ಹೋಗಬೇಕು. ನಾನೇ ಆರಿಸಿಕೊಂಡು ನಾಳೆ ಏನಾದರೂ ಕೆಟ್ಟರೆ, ನೀನೇ ತಾನೇ ಆರಿಸಿದ್ದು ಅಂತಾರೆ. ಮಾವ ಹೇಳಿದ್ದು ಅಂದರೆ ಯಾರೂ ಉಸಿರೆತ್ತಲ್ಲ. ಹೇಳಿಬಿಡಿ. ನಿಮ್ಮ ಬಾಯಲ್ಲಿ ಏನು ಬರುತ್ತೋ ಅದನ್ನೇ ಪೆನ್ನಲ್ಲಿ ಬರೆದುಬಿಡ್ತೀನಿ."

ಅವಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.

"ಮುಚ್ಚಳ ಹಾಕು, ಇಂಕು ಒಣಗುತ್ತೆ. ಒಂದು ಕತೆ ಹೇಳ್ತೀನಿ ಕೇಳು," ಎಂದೆ.

ಒಂದು ಬೆಟ್ಟವಿತ್ತು. ಅದಕ್ಕೆ ಒಂಬೈನೂರು ಮೆಟ್ಟಿಲು. ನಾನು ಅದನ್ನು ಒಂದೇ ಉಸಿರಿನಲ್ಲಿ ಹತ್ತಿದ್ದೇನೆ. ಉಸಿರು ಸ್ವಲ್ಪ ಉದ್ದದ್ದು, ಬೆಳಗ್ಗೆಯಿಂದ ಸಂಜೆಯವರೆಗೆ ಇತ್ತು. ಹತ್ತಲಾರದ ಮುದುಕರನ್ನು ಡೋಲಿಯಲ್ಲಿ ಕೂರಿಸಿ ಮೇಲಕ್ಕೆ ಹೊರುವವರು ಅಲ್ಲಿದ್ದರು. ಡೋಲಿ ಎಂದರೆ ಒಂದು ಬಿದಿರಿನ ಗಳ, ಅದಕ್ಕೆ ತೂಗುಬಿಟ್ಟ ಒಂದು ಕುರ್ಚಿ. ಹೊರಲು ಇಬ್ಬರು. ಮುಂದಿನವನು ಬಲ ಹೆಗಲು ಕೊಡುತ್ತಾನೆ, ಹಿಂದಿನವನು ಎಡ ಹೆಗಲು.

ವರ್ಷ ಕಳೆಯುವುದರೊಳಗೆ ಆ ಹೆಗಲು ಜಡ್ಡುಗಟ್ಟುತ್ತದೆ. ಇನ್ನೊಂದು ಹೆಗಲು ಮಗುವಿನ ಹೆಗಲಿನಂತೆ ಮೆತ್ತಗೆ ಉಳಿಯುತ್ತದೆ. ಆಮೇಲೆ ಜಾಗ ಬದಲಿಸುವುದು ಸುಲಭವಲ್ಲ. ಆದ್ದರಿಂದ ಅವರಲ್ಲಿ ಒಂದು ಪದ್ಧತಿ ಇತ್ತು. ಹೊಸಬನು ಮೊದಲ ದಿನ ಗಳ ಮುಟ್ಟುವ ಮುಂಚೆ, ಮುಂದೆಯೋ ಹಿಂದೆಯೋ ಎಂದು ತನ್ನ ಬಾಯಿಂದ ಹೇಳಬೇಕು. ಎಲ್ಲರಿಗಿಂತ ಹಿರಿಯನು ಆ ಹೆಗಲಿಗೆ ಎಣ್ಣೆ ಹಚ್ಚುತ್ತಾನೆ. ಅಷ್ಟೇ. ಅಲ್ಲಿಂದ ಅವನು ಆ ಜಾಗದವನು.

ಒಬ್ಬ ಯುವಕ ಹೊಸದಾಗಿ ಬಂದ. ಮುಂದೆ ಹೊರುವವನೊಬ್ಬನನ್ನು ಕೇಳಿದ. ಅವನು ಹೇಳಿದ: "ಹಿಂದಕ್ಕೆ ಹೋಗು ಮಾರಾಯ. ಇಳಿಯುವಾಗ ಭಾರವೆಲ್ಲ ಮುಂದಿನವನ ಮೇಲೆಯೇ. ನನ್ನ ಮಂಡಿ ನೋಡು, ಹಲಸಿನ ಹಣ್ಣಾಗಿದೆ. ಹಿಂದಿನವನು ಸುಮ್ಮನೆ ಬಾಲ ಹಿಡಿದು ಬರುತ್ತಾನೆ."

ಹಿಂದೆ ಹೊರುವವನೊಬ್ಬನನ್ನು ಕೇಳಿದ. ಅವನು ಹೇಳಿದ: "ಮುಂದೆ ನಿಲ್ಲು. ಹತ್ತುವಾಗ ಭಾರವೆಲ್ಲ ಹಿಂದಕ್ಕೇ ಜಾರುತ್ತದೆ. ಮುಂದಿನವನಿಗೆ ಗಾಳಿಯೂ ಸಿಗುತ್ತದೆ, ದಾರಿಯೂ ಕಾಣುತ್ತದೆ. ನನಗೆ ಕಾಣುವುದು ಗಿರಾಕಿಯ ಬೋಳುತಲೆ ಒಂದೇ."

ಇಬ್ಬರೂ ಹೇಳಿದ್ದು ನಿಜವೇ. ಇಬ್ಬರೂ ಇನ್ನೊಬ್ಬನ ಜಾಗದಲ್ಲಿ ಒಂದು ದಿನವೂ ನಿಂತವರಲ್ಲ.

ಯುವಕನಿಗೆ ಹಿಂದೆ ನಿಲ್ಲುವುದೇ ಇಷ್ಟವಿತ್ತು. ಅವನಿಗೆ ಮಾತಿನ ಹುಚ್ಚು. ಹಿಂದಿದ್ದರೆ ಕುರ್ಚಿಯಲ್ಲಿ ಕೂತವರ ಊರು, ಕೇರಿ, ಮಕ್ಕಳ ವಿಚಾರ ಕೇಳುತ್ತಾ ಹತ್ತಬಹುದು. ಮುಂದಿನವನು ಮೆಟ್ಟಿಲ ಮೇಲೆ ಕಣ್ಣಿಟ್ಟು ಬಾಯಿ ಮುಚ್ಚಿಕೊಂಡು ನಡೆಯಬೇಕು. ಆದರೆ ಅವನು ಹೆದರಿದ. ನಾನೇ ಕೇಳಿ ಹಿಂದೆ ನಿಂತು, ನಾಳೆ ಹೆಗಲು ಮುರಿದರೆ, ನೀನೇ ಕೇಳಿದ್ದಲ್ಲವೇ ಎಂದು ಎಲ್ಲರೂ ನಗುತ್ತಾರೆ.

ಮರುದಿನ ಹಿರಿಯನ ಬಳಿ ಹೋಗಿ ಅಂಗಿ ಬಿಚ್ಚಿ ನಿಂತ. ಹಿರಿಯನು ಬಂಡೆಯ ಮೇಲೆ ಎಣ್ಣೆ ಬಟ್ಟಲು ಹಿಡಿದು ಕೂತಿದ್ದ.

"ಮುಂದೆಯೋ, ಹಿಂದೆಯೋ?"

"ನನಗೇನು ಗೊತ್ತು ಅಜ್ಜ? ನೀವೇ ಹೇಳಿ."

ಹಿರಿಯನು ಅವನನ್ನು ಒಂದು ಸಲ ನೋಡಿದ. ಬಲ ಹೆಗಲಿಗೆ ಎಣ್ಣೆ ಹಚ್ಚಿದ.

ಯುವಕನಿಗೆ ಎಷ್ಟು ನೆಮ್ಮದಿಯಾಯಿತೆಂದರೆ ಆ ದಿನ ಡೋಲಿ ಖಾಲಿ ಇದ್ದಂತೆ ಬೆಟ್ಟ ಹತ್ತಿದ. ಆ ಹಗುರ ಮೂರು ತಿಂಗಳು ಉಳಿಯಿತು. ಆಮೇಲೆ ಹೆಗಲಿನ ಚರ್ಮ ಸುಲಿಯಿತು. ಮಂಡಿ ಊದಿತು. ಇಳಿಯುವ ಒಂದೊಂದು ಮೆಟ್ಟಿಲಿಗೂ ಹಿರಿಯನನ್ನು ಮನಸ್ಸಿನಲ್ಲೇ ಬೈದ. ಹಿಂದಿನವನು ಗಿರಾಕಿಯೊಂದಿಗೆ ನಗುವುದು ಕೇಳಿದಾಗ ಇನ್ನಷ್ಟು ಬೈದ.

ಆದರೂ ಕೆಲಸ ಬಿಡಲಿಲ್ಲ. ಅವನಿಗೆ ಒಂದು ನಂಬಿಕೆ ಇತ್ತು. ಅಷ್ಟು ಅನುಭವದ ಮನುಷ್ಯ ನನ್ನ ಎಲುಬನ್ನೋ ನಡಿಗೆಯನ್ನೋ ನೋಡಿಯೇ ಹಚ್ಚಿರಬೇಕು. ನನಗೆ ಕಾಣದ್ದು ಅವನಿಗೆ ಕಂಡಿರಬೇಕು. ಹೊಸಬರು ಬಂದಾಗ ಹಾಗೆಂದೇ ಹೇಳಿಕೊಳ್ಳುತ್ತಿದ್ದ. ಬೈಗುಳವನ್ನೂ ನಂಬಿಕೆಯನ್ನೂ ಒಟ್ಟಿಗೆ ಹೊತ್ತು ಹನ್ನೆರಡು ವರ್ಷ ಹತ್ತಿ ಇಳಿದ. ಡೋಲಿಯ ಭಾರ ಬೇರೆ.

ಹಿರಿಯನು ತೀರಾ ಮುದುಕನಾದ. ಒಂದು ದಿನ, ಕೊನೆಯದಾಗಿ ಒಮ್ಮೆ ಬೆಟ್ಟದ ಮೇಲಿನ ದೇವರನ್ನು ನೋಡಬೇಕು ಎಂದ. ಅವನನ್ನು ಡೋಲಿಯಲ್ಲಿ ಕೂರಿಸಿದರು. ಗಳದ ಮುಂದಿನ ತುದಿಗೆ ಇವನೇ ಹೆಗಲು ಕೊಟ್ಟ. ಹತ್ತಿದ್ದಾಯಿತು, ದರ್ಶನವಾಯಿತು. ಇಳಿಯುವಾಗ, ನಡು ದಾರಿಯಲ್ಲಿ, ಡೋಲಿಯನ್ನು ಕಟ್ಟೆಯ ಮೇಲೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಾಗ, ಅವನು ತಡೆಯಲಾರದೆ ಕೇಳಿದ:

"ಅಜ್ಜ, ಅವತ್ತು ನನ್ನಲ್ಲಿ ಏನು ಕಂಡು ಮುಂದೆ ನಿಲ್ಲಿಸಿದಿರಿ?"

ಹಿರಿಯನು ಬಹಳ ಹೊತ್ತು ನೆನಪು ಮಾಡಿಕೊಂಡ.

"ಅವತ್ತು ನನಗೆ ಸೊಂಟ ಹಿಡಿದಿತ್ತಪ್ಪ. ಆ ಕಡೆ ಈ ಕಡೆ ತಿರುಗೋಕೆ ಆಗ್ತಿರಲಿಲ್ಲ. ನೀನು ಬಲ ಹೆಗಲು ನನ್ನ ಕಡೆ ಮಾಡಿ ನಿಂತಿದ್ದೆ. ಕೈಗೆ ಸಿಕ್ಕಿದ್ದಕ್ಕೆ ಹಚ್ಚಿದೆ."

ಅವನು ಕೆಳಗಿನ ಮೆಟ್ಟಿಲುಗಳನ್ನು ನೋಡಿದ. ಇನ್ನೂ ನಾನೂರು ಉಳಿದಿದ್ದವು. ಗಳಕ್ಕೆ ಹೆಗಲು ಕೊಟ್ಟ.

ಕತೆ ಮುಗಿಯಿತು ಎಂದೆ.

"ಇಷ್ಟೇನಾ?" ಎಂದಳು ಇಂಚರ. "ಆ ಅಜ್ಜನಿಗೆ ಬುದ್ಧಿ ಬೇಡವಾ? ಹುಡುಗನ ಜೀವನ ಅದು! ನೀವು ಹಂಗಲ್ಲ ಬಿಡಿ ಮಾವ. ಓದಿದೋರು. ಯೋಚನೆ ಮಾಡಿಯೇ ಗಣಿತ ತಗೊಂಡಿರ್ತೀರಿ."

"ನಾನು ಕಾಲೇಜಿಗೆ ಅರ್ಜಿ ಕೊಟ್ಟ ದಿನ ಮಿಕ್ಕ ಸಾಲುಗಳೆಲ್ಲ ಬಿಸಿಲಲ್ಲಿದ್ದವು. ಗಣಿತದ ಸಾಲು ಹೊಂಗೆ ಮರದ ನೆರಳಲ್ಲಿತ್ತು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬುರುಡೆ! ಬಸ್ ಎತ್ತಿದ್ದೀನಿ ಅಂದ್ರಲ್ಲ, ಅದಕ್ಕಿಂತ ದೊಡ್ಡ ಬುರುಡೆ ಇದು."

ಆ ದಿನ ನಾನು ಹೇಳಿದ್ದರಲ್ಲಿ ಅದೊಂದು ಮಾತ್ರ ಬುರುಡೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಆ ನೆರಳಿನ ಋಣ ತೀರಿಸಿದ್ದೇನೆ. ಹಾಗೆಂದು ಅವಳಿಗೆ ಹೇಳಲು ಹೋಗಲಿಲ್ಲ.

ನಗು ನಿಂತ ಮೇಲೆ ಇಂಚರ ಅರ್ಜಿಯನ್ನು ನನ್ನ ಕಡೆ ತಳ್ಳಿದಳು. ಪೆನ್ನಿನ ಮುಚ್ಚಳ ಮತ್ತೆ ತೆಗೆದಳು.

"ತಮಾಷೆ ಸಾಕು ಮಾವ. ಯಾವುದು ಅಂತ ಬೆರಳಿಟ್ಟು ತೋರಿಸಿಬಿಡಿ."

ನಾನು ಮುಂದಕ್ಕೆ ಬಾಗಲು ನೋಡಿದೆ. ಆಗಲಿಲ್ಲ. ದಿಂಬಿಗೆ ಒರಗಿಕೊಂಡೆ.

"ನನಗೂ ಇವತ್ತು ಸೊಂಟ ಹಿಡಿದಿದೆ, ಮಗು," ಎಂದೆ.

ಇಂಚರ ಅರ್ಜಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.